ಕಡಬದಿಂದ ಬೆಂಗಳೂರಿಗೆ ಎಷ್ಟು ಹೊತ್ತು

ಪಾದವೂರಲು ನೆಲವಾಗಿರುವ ತಾಯಿಗೆ, ಒಳಗೆ ಉಸಿರಾಗಿ ಹೊರಗೆ ಗಾಳಿಯಾಗಿ ಸಂಚರಿಸುವ ದೇವನಿಗೆ, ಎಂಟು ದಿಕ್ಕುಗಳನ್ನು ಕಾಯುವ ಒಡೆಯರಿಗೆ, ಬಾಲ್ಯದಲ್ಲಿ ನನ್ನನ್ನು ಎದುರು ಕೂರಿಸಿಕೊಂಡು ಪದ ಬಿಡಿಸಿ ಅರ್ಥ ಹೇಳಿಕೊಟ್ಟ ಗುರುಗಳಿಗೆ ಮೊದಲು ನಮಸ್ಕರಿಸುತ್ತೇನೆ. ಹೊರಟವರನ್ನು ತಲುಪಿಸಿದ್ದಕ್ಕೂ ತಲುಪಿದವರನ್ನು ಮರಳಿ ಕರೆತಂದದ್ದಕ್ಕೂ ನಾನು ಕೃತಜ್ಞ. ಇಷ್ಟನ್ನು ಹೇಳದೆ ಆ ಮಳೆಗಾಲದ ಮಾತು ತೆಗೆಯುವುದು ನನ್ನಿಂದಾಗದು.

ನಾನು ಪುತ್ತೂರಿನ ಸಮೀಪದ ನರಿಮೊಗರಿನವನು. ಸಂಸ್ಕೃತ ಕಲಿಸಿ ನಿವೃತ್ತನಾದವನು. ನನ್ನ ಒಬ್ಬಳೇ ತಂಗಿಯನ್ನು ಕಡಬಕ್ಕೆ ಕೊಟ್ಟಿದೆ. ಭಾವನದು ಪೇಟೆಯಲ್ಲಿ ಪುಸ್ತಕ, ಪೆನ್ನು, ಕೊಡೆ ಮಾರುವ ಅಂಗಡಿ. ಮಾತಿಗೆ ಮೊದಲು ನಗೆ ಹುಟ್ಟುವ ಮನುಷ್ಯ. ಮಕ್ಕಳಿಲ್ಲದ ಆ ದಂಪತಿ ತಮ್ಮ ಪಾಡಿಗೆ ಸುಖವಾಗಿಯೇ ಇದ್ದರು. ತಂಗಿಯ ಎರಡೂ ಮೂತ್ರಪಿಂಡಗಳು ಸೋತವೆಂದು ವೈದ್ಯರು ಹೇಳಿದ ಮೇಲೆ ಆ ಮನೆಯ ದಿನಚರಿಯೇ ಬೇರೆಯಾಯಿತು. ವಾರಕ್ಕೆ ಮೂರು ಸಲ ಪುತ್ತೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಕುಡಿಯುವ ನೀರನ್ನು ಲೋಟದಲ್ಲಿ ಅಳೆಯಬೇಕು. ಭಾವನಿಗೆ ಸಕ್ಕರೆ ಕಾಯಿಲೆ, ನನಗೆ ಎಪ್ಪತ್ತು ದಾಟಿತ್ತು. ನಮ್ಮಿಬ್ಬರ ಅಂಗ ಅವಳಿಗೆ ಆಗದು. ಆದ್ದರಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳ ಹೆಸರು ಬರೆಸಿದೆವು. ಯಾರಾದರೂ ತೀರಿಕೊಂಡು, ಅವರ ಮನೆಯವರು ಒಪ್ಪಿ, ಅಂಗ ದಾನವಾಗಿ ಬಂದರೆ ನಮ್ಮನ್ನು ಕರೆಯುತ್ತಾರೆ.

ಹೆಸರು ಬರೆದುಕೊಂಡ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ ಕಾಯಿಲೆಯ ಕುರಿತದ್ದಲ್ಲ.

“ನಿಮ್ಮ ಮನೆಯಿಂದ ಇಲ್ಲಿಗೆ ಎಷ್ಟು ಹೊತ್ತು ಬೇಕು?”

ಭಾವ ಹೇಳಿದರು: “ಶಿರಾಡಿ ಘಾಟಿ ಸರಿ ಉಂಟಾದ್ರೆ ಆರೂವರೆ ಗಂಟೆ. ಸರಿ ಇಲ್ಲದಿದ್ರೆ ಅದನ್ನು ಘಾಟಿಯ ಹತ್ರವೇ ಕೇಳಬೇಕು.”

ಆಕೆ ನಗಲಿಲ್ಲ. “ಕರೆ ಬಂದ ಎಂಟು ಗಂಟೆಯೊಳಗೆ ಇಲ್ಲಿರಬೇಕು. ಒಂದು ಅಂಗಕ್ಕೆ ಇಬ್ಬರನ್ನು ಕರೆಯುತ್ತೇವೆ. ಇಬ್ಬರ ರಕ್ತವನ್ನೂ ಪರೀಕ್ಷಿಸಿ, ಯಾರದ್ದು ಹೊಂದುತ್ತದೋ ಅವರಿಗೆ. ಬಾರದವರಿಗಾಗಿ ಕಾಯುವುದಕ್ಕೆ ಆಗುವುದಿಲ್ಲ.”

ಬೆಂಗಳೂರಿನಲ್ಲೇ ಮನೆ ಹಿಡಿದು ತಿಂಗಳುಗಟ್ಟಲೆ ಕಾಯುವ ಅನುಕೂಲ ನಮಗಿರಲಿಲ್ಲ. ಮರಳಿ ಬಂದೆವು. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ನಾನು ಮಳೆಗಾಲ ಹಿಡಿಯುವ ಮೊದಲೇ ದೇವರ ಪೆಟ್ಟಿಗೆಯೊಡನೆ ತಂಗಿಯ ಮನೆಗೆ ಬಂದು ಉಳಿದೆ.

ಕಾಯುವುದರಲ್ಲಿ ಇಷ್ಟು ಕತ್ತಲೆ ಇರುತ್ತದೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಮೊಬೈಲನ್ನು ದೇವರ ಕೋಣೆಯ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಅದು ಬಡಿದುಕೊಂಡಾಗ ಮೂವರೂ ಇದ್ದಲ್ಲಿಯೇ ಎದ್ದು ನಿಲ್ಲುತ್ತಿದ್ದೆವು. ಯಾವುದೋ ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳುತ್ತಿದ್ದರು, ಕುಳಿತುಕೊಳ್ಳುತ್ತಿದ್ದೆವು. ಭಾವ ಬೆಳಗ್ಗೆ ಪತ್ರಿಕೆ ಬಿಡಿಸಿದೊಡನೆ ಅಪಘಾತದ ಸುದ್ದಿಗಳಿರುವ ಪುಟಕ್ಕೆ ಹೋಗತೊಡಗಿದ್ದರು. ಅವರಿಗೇ ಅದು ತಿಳಿದಿರಲಿಲ್ಲ. ತಂಗಿ ಕೆಲವು ದಿನ ನೋಡಿದಳು.

“ನಾಳೆಯಿಂದ ಪೇಪರ್ ಬೇಡ ಅಂತ ಹೇಳಿ ಆ ಪೇಪರ್ ಹಾಕುವ ಹುಡುಗನಿಗೆ.”

“ಯಾಕೆ, ಎಂತಾಯ್ತು?”

“ಬೈಕಿನಲ್ಲಿ ಬಿದ್ದ ಮಕ್ಕಳ ವಯಸ್ಸು ನೋಡುದಕ್ಕೆ ನಮಗೆ ಪೇಪರ್ ಬೇಕಾ?”

ಭಾವ ಪತ್ರಿಕೆ ಮಡಚಿ ಇಟ್ಟರು. ಮರುದಿನದಿಂದ ಅದು ಬರಲಿಲ್ಲ.

ನನ್ನ ಸಂಕಟ ಪೂಜೆಯಲ್ಲಿತ್ತು. ತಂಗಿಗೆ ಆರೋಗ್ಯ ಬರಲೆಂದು ಸಂಕಲ್ಪ ಮಾಡುವಾಗ ಆ ವಾಕ್ಯದ ಒಳಗೆ ಇನ್ನೊಂದು ವಾಕ್ಯ ಮುದುಡಿ ಕುಳಿತಿದೆಯೆಂದು ಅನಿಸುತ್ತಿತ್ತು. ಎಲ್ಲಿಯೋ ಒಂದು ಮನೆಯಲ್ಲಿ ಒಬ್ಬರು ಈಗ ಊಟ ಮಾಡುತ್ತಿರಬಹುದು, ಮಗುವಿಗೆ ಚಪ್ಪಲಿ ತೊಡಿಸುತ್ತಿರಬಹುದು. ನಾನು ಕೈಯಲ್ಲಿ ನೀರು ಹಿಡಿದು ಬೇಡುವುದು ಅವರ ಕುರಿತೇ ಅಲ್ಲವೇ? ಹಲವು ದಿನ ನಾಲಗೆ ತಡವರಿಸಿತು. ಕೊನೆಗೆ ಬೇಡುವುದನ್ನು ಬಿಟ್ಟು ನಾಮಗಳನ್ನು ಮಾತ್ರ ಹೇಳತೊಡಗಿದೆ. ಹೂವು ಏರಿಸಿದೆ, ಮಂಗಳಾರತಿ ಎತ್ತಿದೆ, ಏನನ್ನೂ ಕೇಳಲಿಲ್ಲ. ತಂಗಿಗೆ ಅದು ಹೇಗೋ ತಿಳಿಯಿತು. “ಅಣ್ಣಾ, ನನ್ನ ಹೆಸರು ಹೇಳುದು ಬಿಟ್ಟಿಯಾ?” ಎಂದು ಒಮ್ಮೆ ಕೇಳಿದಳು. ನಾನು ದೀಪದ ಬತ್ತಿ ಸರಿಮಾಡತೊಡಗಿದೆ. “ಒಳ್ಳೇದಾಯ್ತು,” ಎಂದಳು.

ಮಾಡಬಲ್ಲದ್ದು ಒಂದೇ ಉಳಿದಿತ್ತು. ಕರೆ ಯಾವ ಹೊತ್ತಿಗೆ ಬರುತ್ತದೋ ತಿಳಿಯದು. ರಾಹುಕಾಲದಲ್ಲಿ ಬರಬಹುದು, ಪೂರ್ವಕ್ಕೆ ಹೊರಡಬಾರದ ಸೋಮವಾರ, ಶನಿವಾರಗಳಂದು ಬರಬಹುದು. ಇಂಥ ಇಕ್ಕಟ್ಟಿಗೆ ಹಿಂದಿನವರು ಒಂದು ದಾರಿ ಮಾಡಿಟ್ಟಿದ್ದಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಒಳ್ಳೆಯ ಮುಹೂರ್ತ ನೋಡಿ, ಪ್ರಯಾಣಿಕನಿಗೆ ಬೇಕಾದ ವಸ್ತುವೊಂದನ್ನು ಹೋಗಬೇಕಾದ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಡಬೇಕು. ಅಲ್ಲಿಗೆ ಅವನು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ಹೊತ್ತಿನಲ್ಲಿ ಕಾಲು ಕಿತ್ತರೂ ದೋಷವಿಲ್ಲ. ಆದರೆ ಇಟ್ಟದ್ದನ್ನು ಎತ್ತಿಕೊಂಡೇ ಮುಂದುವರಿಯಬೇಕು. ಅರಸರಿಗೆ ಅದರ ಬಲ ಹೆಚ್ಚು ದಿನ, ನಮ್ಮಂಥವರಿಗೆ ಐದೇ ದಿನ. ಆಮೇಲೆ ಮರಳಿ ತಂದು ಹೊಸದಾಗಿ ಇಡಬೇಕು.

ತಂಗಿಯ ಮನೆಯ ಪೂರ್ವಕ್ಕೆ ಕೇರಳದ ಕಡೆಯಿಂದ ಬಂದು ನೆಲೆಸಿದ ಒಂದು ಕ್ರೈಸ್ತ ಕುಟುಂಬ. ಗಂಡ, ಹೆಂಡತಿ, ಹಿಂದೆ ರಬ್ಬರ್ ಗುಡ್ಡೆ. ನಾನು ಸಂಕೋಚದಿಂದಲೇ ಹೋಗಿ ವಿಷಯ ತಿಳಿಸಿದೆ. ಆ ಮನೆಯ ಯಜಮಾನರು ಪೂರ್ತಿ ಕೇಳಿ, “ಮಾಷೇ, ಬ್ಯಾಗ್ ಇಡ್ಲಿಕ್ಕೆ ಇಷ್ಟು ಹೇಳುದು ಯಾಕೆ? ನಮ್ಮ ಪ್ರಾರ್ಥನೆಯ ಮೇಜಿನ ಕೆಳಗೆ ಜಾಗ ಉಂಟು. ಯಾವ ಹೊತ್ತಿಗೆ ಬಂದ್ರೂ ಬಾಗಿಲು ತಟ್ಟಿ,” ಎಂದರು.

ಚೀಲವನ್ನು ತಂಗಿಯೇ ಜೋಡಿಸಿದಳು. ಎರಡು ಸೀರೆ, ಒಂದು ಶಾಲು, ವೈದ್ಯರ ವರದಿಗಳೆಲ್ಲ ಇದ್ದ ಕಡತ. ಎಲ್ಲಕ್ಕಿಂತ ಮೇಲೆ ತನ್ನ ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟಳು. “ಯಾವುದಿಲ್ಲದೆ ಹೋಗ್ಲಿಕ್ಕೆ ಆಗುದಿಲ್ಲವೋ ಅದನ್ನೇ ಇಡ್ಬೇಕು ಅಲ್ವಾ?” ಎಂದಳು. ಶಾಸ್ತ್ರದ ಆಶಯವೂ ಅದೇ. ನಾನು ಹೌದೆಂದೆ.

ಭಾವನಿಗೆ ಇದೊಂದು ವಿನೋದವಾಯಿತು. ಪ್ರತಿ ಐದು ದಿನಕ್ಕೊಮ್ಮೆ ನಾನು ಚೀಲವನ್ನು ತಂದು, ಪಂಚಾಂಗ ನೋಡಿ, ಮತ್ತೆ ಒಯ್ದು ಇಡುವುದನ್ನು ಕಂಡು, “ನಿನ್ನ ಸೀರೆ ಐದು ದಿನಕ್ಕೊಮ್ಮೆ ಬೆಂಗಳೂರಿಗೆ ಹೊರಡ್ತದೆ ಮಾರಾಯ್ತಿ. ನೀನು ಮಾತ್ರ ಇಲ್ಲೇ ಕೂತಿದ್ದಿ,” ಎನ್ನುತ್ತಿದ್ದರು. ತಂಗಿ ನಗುತ್ತಿದ್ದಳು. ಆಷಾಢದಲ್ಲಿ ಒಂದು ದಿನ ಪುತ್ತೂರಿನಲ್ಲಿ ಅವಳ ಪಕ್ಕದ ಹಾಸಿಗೆ ಖಾಲಿಯಿತ್ತು. ಐವರ್ನಾಡಿನ ಹೆಂಗಸೊಬ್ಬರು ಎರಡು ವರ್ಷದಿಂದ ಅದೇ ಹಾಸಿಗೆಗೆ ಬರುತ್ತಿದ್ದರು. ಅವರೂ ಇಂಥದ್ದೇ ಕರೆಗೆ ಕಾದಿದ್ದವರು. ದಾದಿ ಅದಕ್ಕೆ ಹೊಸ ಹೊದಿಕೆ ಹಾಸಿದಳು. ಅಂದಿನಿಂದ ತಂಗಿಯ ನಗು ಕಡಿಮೆಯಾಯಿತು. ಅವಳ ಪಾದಗಳು ಊದಿಕೊಳ್ಳುವುದು ಹೆಚ್ಚಿತು. ಇನ್ನೊಂದು ಮಳೆಗಾಲವನ್ನು ಅವಳ ಹೃದಯ ತಡೆಯುವುದು ಕಷ್ಟವೆಂದು ವೈದ್ಯರು ಭಾವನನ್ನು ಹೊರಗೆ ಕರೆದು ಹೇಳಿದ್ದರು. ಭಾವ ಅದನ್ನು ನನಗೆ ಹೇಳಿದರು. ಅವಳಿಗೆ ಯಾರೂ ಹೇಳದಿದ್ದರೂ ಅವಳಿಗೆ ಗೊತ್ತಿತ್ತು.

ಶ್ರಾವಣದ ಒಂದು ಬೆಳಗ್ಗೆ, ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಕುಳಿತಾಗ, ಕರೆ ಬಂತು.

ಭಾವ ಮೊಬೈಲನ್ನು ಎಲ್ಲರಿಗೂ ಕೇಳುವಂತೆ ಹಿಡಿದರು. ಅದೇ ಹೆಣ್ಣುಮಗಳ ಧ್ವನಿ. “ಒಂದು ಅಂಗ ಸಿಗುವ ಸಾಧ್ಯತೆ ಇದೆ. ನಿಮ್ಮನ್ನೂ ಇನ್ನೊಬ್ಬರನ್ನೂ ಕರೆಯುತ್ತಿದ್ದೇವೆ. ಸಂಜೆ ಐದಕ್ಕೆ ಇಲ್ಲಿರಬೇಕು. ಈಗಿನಿಂದ ಏನನ್ನೂ ತಿನ್ನಬೇಡಿ, ನೀರೂ ಬೇಡ. ಹೊರಡುತ್ತೀರಾ?”

“ಹೊರಟೆವು,” ಎಂದರು ಭಾವ. ತಂಗಿ ಮುಂದಿದ್ದ ತಟ್ಟೆಯನ್ನು ಎರಡು ಕೈಯಿಂದಲೂ ಮೆಲ್ಲನೆ ಆಚೆ ಸರಿಸಿದಳು. ಯಾರ ಮುಖದಲ್ಲಿಯೂ ಸಂತೋಷವಿರಲಿಲ್ಲ. ಯಾರೋ ಒಬ್ಬರು ತೀರಿಹೋಗಿದ್ದಾರೆ ಎಂಬ ಸುದ್ದಿಯೂ ಅದೇ ಕರೆಯಲ್ಲಿ ಬಂದಿತ್ತು.

ನಮ್ಮನ್ನು ಯಾವಾಗಲೂ ಪುತ್ತೂರಿಗೆ ಕರೆದೊಯ್ಯುತ್ತಿದ್ದ ಕಾರಿನ ಚಾಲಕ ಗುತ್ತಿಗಾರಿನ ಕಡೆಯವನು. ಕರೆದ ಕೂಡಲೇ ಬಂದ. ಅಂಗಳದಲ್ಲಿ ನಿಂತು ಮಳೆಯಲ್ಲೇ ದಾರಿಯ ವಿಚಾರ ನಡೆಯಿತು.

“ಶಿರಾಡಿಯಲ್ಲಿ ನಿನ್ನೆ ಸಂಜೆ ಗುಡ್ಡ ಕುಸಿದಿದೆ ಮಾಷ್ಟ್ರೆ. ಗುಂಡ್ಯದಿಂದಲೇ ಲಾರಿ ನಿಂತಿವೆ. ಚಾರ್ಮಾಡಿಯಲ್ಲಿ ಮರ ಬಿದ್ದಿದೆಯಂತೆ. ಉಳಿದದ್ದು ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು. ಈ ಮಳೆಗೆ ಒಂಬತ್ತು ಗಂಟೆ ಬೇಕು. ಬೇಗ ಅಂದ್ರೂ ಆರಕ್ಕೆ ಮೊದ್ಲು ಆಗುದಿಲ್ಲ.”

“ವಿಮಾನ?” ಎಂದಳು ತಂಗಿ. ಅದುವರೆಗೆ ಅವಳು ವಿಮಾನವನ್ನು ಹತ್ತಿರದಿಂದ ನೋಡಿದವಳಲ್ಲ.

ಚಾಲಕ ಮೊಬೈಲಿನಲ್ಲಿ ಹುಡುಕಿದ. ಮಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಒಂದು ವಿಮಾನವಿತ್ತು. ಆಕಾಶದಲ್ಲಿ ಒಂದೇ ಗಂಟೆ. ಮೂರಕ್ಕೆ ಬೆಂಗಳೂರು, ಐದಕ್ಕೆ ಆಸ್ಪತ್ರೆ. ಅವನೇ ಮೂವರಿಗೂ ಟಿಕೇಟು ತೆಗೆದ. ಭಾವನ ನಾಲಗೆ ಆಗಲೂ ಸುಮ್ಮನಿರಲಿಲ್ಲ.

“ಬೆಂಗಳೂರು ಪೂರ್ವಕ್ಕೆ, ನಾವು ಓಡುದು ಪಶ್ಚಿಮಕ್ಕೆ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಎಂತ ಹೇಳ್ತಾರೆ ಭಾವ?”

“ಪ್ರಸ್ಥಾನ ಇಟ್ಟಾಗಿದೆ. ಅವಳು ಆಗಲೇ ಹೊರಟಿದ್ದಾಳೆ,” ಎಂದೆ. ಹೇಳುತ್ತಲೇ ಚೀಲ ತರಲು ಪಕ್ಕದ ಮನೆಯತ್ತ ನಡೆದೆ.

ಬಾಗಿಲಿಗೆ ಬೀಗ ಹಾಕಿತ್ತು.

ನಾನು ಕೂಗಿದೆ, ಹಿಂದಕ್ಕೆ ಹೋಗಿ ನೋಡಿದೆ, ರಬ್ಬರ್ ಶೀಟು ಒಣಗಿಸುವ ಗೂಡಿನೊಳಗೂ ಇಣುಕಿದೆ. ಯಾರೂ ಇರಲಿಲ್ಲ. ಭಾವ ಅವರ ಮೊಬೈಲಿಗೆ ಕರೆ ಮಾಡಿದರು, ಅದು ಮುಚ್ಚಿತ್ತು. ಆಗ ಚಾಲಕನಿಗೆ ನೆನಪಾಯಿತು. ಇಗರ್ಜಿಯಲ್ಲಿ ಯಾರದೋ ಅಂತ್ಯಸಂಸ್ಕಾರ, ಪೇಟೆಯಲ್ಲಿ ಬರುವಾಗ ಕರಿಬಾವುಟ ಕಂಡಿದ್ದ.

“ಚೀಲ ಬಿಟ್ಟು ಹೋಗುವಾ,” ಎಂದರು ಭಾವ. “ಸೀರೆ ಬೆಂಗಳೂರಿನಲ್ಲಿಯೂ ಸಿಗ್ತದೆ.”

“ಕಾರ್ಡ್ ಅದ್ರಲ್ಲೇ ಉಂಟು,” ಎಂದಳು ತಂಗಿ. “ರಿಪೋರ್ಟ್ ಎಲ್ಲ ಅದ್ರಲ್ಲೇ.”

ಭಾವ ಮೊದಲ ಸಲ ನನ್ನ ಮುಖ ನೋಡಿದರು. ಕಾರ್ಡ್ ಇಲ್ಲದೆ ವಿಮಾನ ನಿಲ್ದಾಣದ ಬಾಗಿಲನ್ನೇ ದಾಟಗೊಡುವುದಿಲ್ಲ ಎಂದು ಚಾಲಕ ಹೇಳಿದ.

ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಇಗರ್ಜಿಗೆ ಹೋದೆವು. ಪ್ರಾರ್ಥನೆ ಮುಗಿದು ಶವಪೆಟ್ಟಿಗೆಯನ್ನು ಹೊರಗೆ ತಂದಿದ್ದರು. ಇಗರ್ಜಿಯ ಪಕ್ಕದಿಂದ ಸಮಾಧಿಗಳಿರುವ ಇಳಿಜಾರಿಗೆ ಕಲ್ಲಿನ ಮೆಟ್ಟಿಲುಗಳು. ಮಳೆಗೆ ಪಾಚಿ ಹಿಡಿದು ನುಣ್ಣಗಾಗಿದ್ದವು. ಹೊತ್ತವರಲ್ಲಿ ಮುಂದಿನ ಎಡಗಡೆಯವರು ನಮ್ಮ ನೆರೆಮನೆಯವರು. ಎರಡು ಕೈಯಲ್ಲಿಯೂ ಭಾರ, ಹೆಗಲ ಮೇಲೆ ಭಾರ, ಒಂದೊಂದೇ ಹೆಜ್ಜೆ ಇಳಿಯುತ್ತಿದ್ದರು. ಪ್ರಯಾಣಕ್ಕೆ ಹೊರಟವರಿಗೆ ಶವ ಎದುರಾದರೆ, ಜೊತೆಯಲ್ಲಿ ಅಳುವಿನ ಧ್ವನಿ ಇಲ್ಲದಿದ್ದರೆ ಶುಭವೆಂದು ನಾನು ಓದಿದ್ದೆ. ಇಲ್ಲಿ ಹಿಂದಿನಿಂದ ಒಬ್ಬಳು ಹೆಂಗಸಿನ ಅಳು ಎತ್ತರದಲ್ಲಿ ಕೇಳಿಬರುತ್ತಿತ್ತು.

ನಾನು ಕೊಡೆ ಬಿಟ್ಟು ಅವರ ಪಕ್ಕಕ್ಕೆ ಇಳಿದೆ. ಅವರು ನನ್ನನ್ನು ಕಂಡೊಡನೆ ಅರ್ಥ ಮಾಡಿಕೊಂಡರು.

“ಫೋನ್ ಬಂತಾ ಮಾಷೇ?”

“ಬಂತು.”

“ಕೀ ನನ್ನ ಅಂಗಿಯ ಜೇಬಿನಲ್ಲಿ ಉಂಟು. ಕೈ ಬಿಡ್ಲಿಕ್ಕೆ ಆಗುದಿಲ್ಲ. ನೀವೇ ತೆಗೀರಿ.”

ನಾನು ತಡೆದೆ. ಅವರ ಮೈ ಪೆಟ್ಟಿಗೆಗೆ ಒತ್ತಿಕೊಂಡಿತ್ತು. ಮುಟ್ಟಿದರೆ ಸ್ನಾನ ಮಾಡದೆ ಮುಂದುವರಿಯುವಂತಿಲ್ಲವೆಂಬುದು ನಾನು ಬಾಳಿದ ಕ್ರಮ. ಅದಕ್ಕಿಂತ ಹೆಚ್ಚಾಗಿ, ಆ ಪೆಟ್ಟಿಗೆಯೊಳಗಿದ್ದವರ ಮುಂದೆ ನನಗೆ ಏನೋ ಒಂದು ನಾಚಿಕೆಯಾಯಿತು. ಇನ್ನೊಂದು ಊರಿನಲ್ಲಿ ಇಂಥದ್ದೇ ಒಂದು ಸಾವಿನತ್ತ ನಾವು ಓಡಬೇಕಾಗಿತ್ತು.

“ತೆಗೀರಿ ಮಾಷೇ,” ಎಂದರು ಅವರು ಮತ್ತೆ, ಉಸಿರು ಬಿಗಿಹಿಡಿದು. “ಕಾಲು ಜಾರ್ತಾ ಉಂಟು.”

ಜೇಬಿಗೆ ಕೈ ಹಾಕಿದೆ. ಒದ್ದೆ ಬಟ್ಟೆಯ ಕೆಳಗೆ ಅವರ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಕೀಲಿ ಕೈಗೆ ಬಂತು. ನಾನು ಪಕ್ಕಕ್ಕೆ ಸರಿದು ನಿಂತೆ; ಪೆಟ್ಟಿಗೆ ನನ್ನನ್ನು ದಾಟಿ ಕೆಳಗಿಳಿಯಿತು.

ಮರಳಿ ಮನೆಯ ಬಳಿಗೆ ಬಂದಾಗ ತಂಗಿ ಕಾರಿನಿಂದ ಇಳಿಯಲಿಲ್ಲ. ಹೊರಟವಳು ಮತ್ತೆ ತನ್ನ ಮೆಟ್ಟಿಲು ಹತ್ತಬಾರದೆಂದು ಅವಳಿಗೂ ಗೊತ್ತು. ಚೀಲ ಪ್ರಾರ್ಥನೆಯ ಮೇಜಿನ ಕೆಳಗೇ ಇತ್ತು. ಮಳೆಗೆ ತೇವ ತಾಗದಿರಲೆಂದು ಆ ಮನೆಯೊಡತಿ ಅದಕ್ಕೆ ಪ್ಲಾಸ್ಟಿಕ್ ಹೊದೆಸಿದ್ದರು. ಬಾಗಿಲಿಗೆ ಮತ್ತೆ ಬೀಗ ಹಾಕಿ, ಕೀಲಿಯನ್ನು ಅವರ ಕೈಗೆಟುಕುವಂತೆ ಕಿಟಕಿಯ ಒಳಕ್ಕೆ ಇಟ್ಟು ಹೊರಟೆವು. ನಾನು ಚಾಲಕನ ಪಕ್ಕದಲ್ಲಿ, ಯಾರಿಗೂ ತಗಲದಂತೆ ಕುಳಿತಿದ್ದೆ. ತಂಗಿ ಹಿಂದಿನಿಂದ ಕೈಚಾಚಿ ನನ್ನ ಹೆಗಲ ಮೇಲಿದ್ದ ನೀರನ್ನು ಸೆರಗಿನಿಂದ ಒರೆಸಿದಳು. “ಮುಟ್ಟಬೇಡ,” ಎಂದೆ. “ಸಾಕು ಸುಮ್ನಿರು,” ಎಂದಳು.

ಉಪ್ಪಿನಂಗಡಿ ದಾಟುವಾಗ ಹೊಳೆ ಕೆಂಪಾಗಿ ಸೇತುವೆಯ ಸಮಕ್ಕೆ ಬಂದಂತೆ ಕಂಡಿತು. ಕಲ್ಲಡ್ಕದ ಬಳಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಚಾಲಕ ಹಾರನ್ ಒತ್ತಲಿಲ್ಲ, ಕನ್ನಡಿಯಲ್ಲಿ ತಂಗಿಯನ್ನು ನೋಡುತ್ತಿದ್ದ. ಅವಳ ತುಟಿ ಒಣಗಿತ್ತು. ಒಂದು ಆಂಬುಲೆನ್ಸ್ ಎದುರಿನಿಂದ ಬಂದು ಹೋಯಿತು. ಭಾವ ತಿರುಗಿ ಅದು ಮರೆಯಾಗುವವರೆಗೆ ನೋಡಿದರು.

ವಿಮಾನ ನಿಲ್ದಾಣ ಬೆಟ್ಟದ ನೆತ್ತಿಯ ಮೇಲಿದೆ. ನಾವು ಏರಿದಂತೆ ಮೋಡವೂ ನಮ್ಮೊಡನೆ ಏರಿತು. ಒಳಗೆ ಬಿಡುವ ಹೊತ್ತು ಮುಗಿಯುವ ಮೊದಲೇ ಬಾಗಿಲು ಸೇರಿದೆವು. ಕಾವಲಿನವನು ಕಾರ್ಡ್ ನೋಡಿ, ತಂಗಿಯ ಮುಖ ನೋಡಿ, ಗಾಲಿಕುರ್ಚಿ ತರಿಸಿದ. ಚಾಲಕ ಹೊರಗೇ ನಿಂತ.

“ನೀನು ಹೋಗಪ್ಪ,” ಎಂದರು ಭಾವ.

“ವಿಮಾನ ಮೇಲೆ ಹೋದ ಶಬ್ದ ಕೇಳದೆ ನಾನು ಹೋಗುದಿಲ್ಲ. ಅದು ಹೋಗದಿದ್ರೆ ನಿಮ್ಗೆ ಕಾರು ಬೇಕಲ್ಲ?”

ಅವನ ಅನುಮಾನ ಹುರುಳಿಲ್ಲದ್ದಾಗಿರಲಿಲ್ಲ. ಎರಡು ಗಂಟೆಯಾದರೂ ವಿಮಾನ ಬೆಂಗಳೂರಿನಿಂದ ಬಂದಿರಲಿಲ್ಲ. ಬಂದಿತ್ತಂತೆ, ಆದರೆ ಮೋಡದಲ್ಲಿ ನೆಲ ಕಾಣದೆ ಸುತ್ತುತ್ತಿತ್ತಂತೆ. ಗಾಜಿನ ಆಚೆ ಬಿಳುಪಲ್ಲದೆ ಏನೂ ಇರಲಿಲ್ಲ. ಆ ಬಿಳುಪಿನ ಮೇಲೆ ಎಲ್ಲಿಯೋ ಅದು ತಿರುಗುತ್ತಿದೆ ಎಂಬುದನ್ನು ನಾವು ಕಿವಿಯಿಂದ ಮಾತ್ರ ತಿಳಿಯಬಹುದಿತ್ತು. ಶಬ್ದ ಹತ್ತಿರ ಬರುವುದು, ತಗ್ಗುವುದು, ದೂರ ಹೋಗುವುದು. ಇಳಿಯಲಾಗದಿದ್ದರೆ ಅದು ಹಾಗೆಯೇ ಹಿಂದಿರುಗಿ ಹೋಗುತ್ತದೆಂದು ಪಕ್ಕದಲ್ಲಿದ್ದವರು ಹೇಳಿದರು.

“ಸಂಪಾಜೆ ಮೇಲೆ ಹೋಗಿದ್ರೆ ಈಗ ಮೈಸೂರಿನ ಹತ್ರ ಇರ್ತಿದ್ದೆವು,” ಎಂದರು ಭಾವ. ಸ್ವಲ್ಪ ತಡೆದು, “ಇಲ್ಲ, ಮಡಿಕೇರಿಯಲ್ಲಿ,” ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಶಿರಾಡಿ ಇದ್ದಿದ್ರೆ ಹಾಸನ ದಾಟಿ ಆಗ್ತಿತ್ತು,” ಎಂದರು. ನಾವು ಹೋಗದ ದಾರಿಗಳಲ್ಲೆಲ್ಲ ಅವರು ನಮ್ಮನ್ನು ಮುಂದೆ ಮುಂದೆ ಕರೆದೊಯ್ಯುತ್ತಿದ್ದರು. ತಂಗಿ ಅವರ ಕೈ ಹಿಡಿದು, “ನೀವು ಇಲ್ಲೇ ಕೂತ್ಕೊಳ್ಳಿ,” ಎಂದಳು.

ಮುಹೂರ್ತಶಾಸ್ತ್ರದ ಪ್ರಯಾಣ ಪ್ರಕರಣದಲ್ಲಿ ಕಾಲ್ನಡಿಗೆಗೆ, ಕುದುರೆಗೆ, ಆನೆಗೆ, ಪಲ್ಲಕ್ಕಿಗೆ, ದೋಣಿಗೆ ಬೇರೆ ಬೇರೆ ಮಾತುಗಳಿವೆ. ಆಕಾಶದಲ್ಲಿ ಸಿಲುಕಿ ಇಳಿಯಲಾಗದೆ ಸುತ್ತುವುದಕ್ಕೆ ಏನು ಹೇಳಬೇಕೆಂದು ನಾನು ಕಲಿತದ್ದರಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿದೆ. ಬೇಡಬಾರದೆಂದು ಇಟ್ಟುಕೊಂಡಿದ್ದ ನಿಯಮ ಆಗ ಮುರಿಯಿತು. ಇಳಿಯಲಿ ಎಂದು ಬೇಡಿದೆ. ಅದರೊಳಗಿರುವವರ ಸಲುವಾಗಿ ಎಂದು ಮನಸ್ಸಿಗೆ ಹೇಳಿಕೊಂಡೆ.

ಅದು ಇಳಿಯಿತು. ಮೂರು ಗಂಟೆಗೆ ನಮ್ಮನ್ನು ಹೊತ್ತು ಮೇಲೆದ್ದಿತು. ಮೋಡದೊಳಗೆ ಗಡಗಡ ನಡುಗಿತು. ಭಾವ ಎದುರಿನ ಆಸನವನ್ನು ಅಪ್ಪಿ ಹಿಡಿದಿದ್ದರು. ಬಿಳುಪು ಹರಿದು ನೀಲಿ ತೆರೆದಾಗ ತಂಗಿ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದಳು. ಘಾಟಿ, ಕುಸಿದ ಗುಡ್ಡ, ನಿಂತ ಲಾರಿಗಳು ಎಲ್ಲವೂ ಅಲ್ಲೇ ಕೆಳಗೆ ಇದ್ದಿರಬೇಕು. ಹತ್ತಿ ಹಾಸಿದಂತೆ ಮುಚ್ಚಿತ್ತು. “ಅಲ್ಲಿ ಮಳೆ ಬರ್ತಾ ಉಂಟು ಅಂತ ಇಲ್ಲಿಂದ ಗೊತ್ತೇ ಆಗುದಿಲ್ಲ ಅಣ್ಣಾ,” ಎಂದಳು.

ನಾಲ್ಕಕ್ಕೆ ಇಳಿದೆವು. ಬೆಂಗಳೂರಿನಲ್ಲಿ ಬಿಸಿಲಿತ್ತು. ನೂರಾರು ಮೈಲಿಯನ್ನು ಒಂದು ಗಂಟೆಯಲ್ಲಿ ಕಳೆದ ನಮಗೆ ಉಳಿದ ಸ್ವಲ್ಪ ದಾರಿಯೇ ಭಾರವಾಯಿತು. ಟ್ಯಾಕ್ಸಿ ಹೆದ್ದಾರಿಯಲ್ಲಿ ಓಡಿ, ಪೇಟೆಯ ಬಾಯಿಗೆ ಬಂದು ನಿಂತುಬಿಟ್ಟಿತು. ಆಸ್ಪತ್ರೆಯಿಂದ ಕರೆ ಬಂತು: “ಇನ್ನೊಬ್ಬರು ಬಂದಿದ್ದಾರೆ, ರಕ್ತ ತೆಗೆದಾಯಿತು. ನೀವು ಎಲ್ಲಿದ್ದೀರಿ?” ಭಾವನಿಗೆ ಸ್ಥಳದ ಹೆಸರು ತಿಳಿಯದು. ಕಿಟಕಿಯಿಂದ ಕಾಣುವ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿ ಹೇಳಿದರು. “ಐದೂವರೆಯವರೆಗೆ ನೋಡುತ್ತೇವೆ,” ಎಂದಳಾಕೆ. ಸುತ್ತಲೂ ಸಾವಿರ ವಾಹನಗಳು ಕದಲದೆ ನಿಂತಿದ್ದವು. ತಂಗಿ ಕಣ್ಣುಮುಚ್ಚಿ ಒರಗಿದ್ದಳು. ಅವಳ ಉಸಿರು ನನಗೆ ಕೇಳಿಸುತ್ತಿತ್ತು, ಮೇಲುಮೇಲಕ್ಕೆ, ಸಣ್ಣದಾಗಿ. ಅವಳು ಆಸ್ಪತ್ರೆಯವರೆಗೆ ಉಳಿಯುವಳೇ ಎಂಬ ಭಯ ನನಗೆ ಆಗ ಮೊದಲ ಸಲ ಬಂತು.

ಐದೂವರೆಗೆ ಬಾಗಿಲಲ್ಲಿದ್ದೆವು. ಅವಳನ್ನು ಮಂಚದ ಮೇಲೆ ಮಲಗಿಸಿ ಒಳಗೆ ಒಯ್ದರು, ರಕ್ತ ತೆಗೆದರು. ವರದಿ ಬರಲು ಕೆಲವು ಗಂಟೆ ಬೇಕೆಂದರು.

ಹೊರಗಿನ ಹಜಾರದಲ್ಲಿ ಸಾಲು ಕುರ್ಚಿಗಳು. ಒಂದು ಕೊನೆಯಲ್ಲಿ ಕೋಲಾರದ ಕಡೆಯ ತಾಯಿಯೊಬ್ಬಳು ಜಪಮಾಲೆಯಂತೆ ತನ್ನ ಬಳೆಗಳನ್ನು ತಿರುಗಿಸುತ್ತ ಕುಳಿತಿದ್ದಳು. ಅವಳ ಮಗಳೇ ಆ ಇನ್ನೊಬ್ಬಳು ಎಂದು ಭಾವ ಮಾತಿನಲ್ಲಿ ತಿಳಿದುಕೊಂಡು ಬಂದರು. ಶಾಲೆಯಲ್ಲಿ ಕಲಿಸುವವಳಂತೆ, ಎರಡು ವರ್ಷದ ಮಗುವಿದೆಯಂತೆ. ಇನ್ನೊಂದು ಕೊನೆಯಲ್ಲಿ ಐದಾರು ಮಂದಿ ಒಬ್ಬರನ್ನೊಬ್ಬರು ಒತ್ತಿಕೊಂಡು ಕುಳಿತಿದ್ದರು. ಅವರಲ್ಲಿ ಹಿರಿಯರೊಬ್ಬರು ಒಂದು ಜೊತೆ ಚಪ್ಪಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವು ಅವರ ಕಾಲಿಗೆ ಆಗುವಷ್ಟು ದೊಡ್ಡವಾಗಿರಲಿಲ್ಲ. ಯಾರು, ಏನು ಎಂದು ನಾನು ಕೇಳಲಿಲ್ಲ. ಆಸ್ಪತ್ರೆಯವರು ಹೇಳುವುದೂ ಇಲ್ಲ. ಆದರೆ ಅವರ ಕಡೆಗೆ ಬೆನ್ನು ಮಾಡಿ ಕೂರಲು ನನ್ನಿಂದಾಗಲಿಲ್ಲ.

ರಾತ್ರಿಯ ಊಟದ ಹೊತ್ತಿಗೆ ಆ ಹೆಣ್ಣುಮಗಳು ಬಂದಳು. ಮೊದಲು ನಮ್ಮ ಬಳಿಗೇ ಬಂದಳು. ಅದರಿಂದಲೇ ತಿಳಿಯಿತು.

“ನಿಮ್ಮವರ ರಕ್ತ ಹೊಂದಲಿಲ್ಲ. ಆ ಅಂಗವನ್ನು ಇವರ ದೇಹ ಉಳಿಸಿಕೊಳ್ಳುವುದಿಲ್ಲ. ಇನ್ನೊಬ್ಬರದ್ದು ಹೊಂದಿದೆ.”

ಭಾವ ಎದ್ದು ನಿಂತರು. “ಹಾಗಾದ್ರೆ ನಾವು ಓಡಿ ಬಂದದ್ದು ಎಂತಕ್ಕೆ? ಬಾರದಿದ್ರೂ ಇದೇ ಆಗ್ತಿತ್ತು ಅಲ್ವಾ? ಬಂದ್ರೂ ಇದೇ?”

“ಬಾರದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ,” ಎಂದಳು ಆಕೆ. ಆ ಮಾತಿನಲ್ಲಿ ಕಠೋರತೆ ಇರಲಿಲ್ಲ. ನನ್ನ ಕಡೆ ತಿರುಗಿ, “ಅಜ್ಜ, ಅವರ ಹೆಸರು ಹಾಗೆಯೇ ಇರುತ್ತದೆ. ಮತ್ತೆ ಕರೆಯುತ್ತೇವೆ. ಈ ದಿನ ಡಯಾಲಿಸಿಸ್ ಇಲ್ಲಿಯೇ ಮಾಡಿ ಕಳುಹಿಸುತ್ತೇವೆ. ಸ್ವಲ್ಪ ನೀರು ಕೊಡಿ ಅವರಿಗೆ,” ಎಂದಳು.

ತಂಗಿಯ ಬಳಿಗೆ ಹೋದೆವು. ಅವಳಿಗೆ ಆಗಲೇ ಹೇಳಿದ್ದರು. ಲೋಟದ ಅಂಚನ್ನು ತುಟಿಗೆ ಮುಟ್ಟಿಸಿ, ಗುಟುಕಿಗೂ ಕಡಿಮೆ ನೀರನ್ನು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡು ನುಂಗಿದಳು.

“ಯಾರಿಗೆ ಸಿಕ್ಕಿತು?” ಎಂದು ಕೇಳಿದಳು.

ಭಾವ ಹೇಳಿದರು. ಮಗುವಿನ ವಿಷಯವನ್ನೂ ಹೇಳಿದರು.

ಅವಳು ಅಂಗಾತ ಮಲಗಿದ್ದಳು. ಕಣ್ಣಿನ ಕೊನೆಯಿಂದ ನೀರು ಕಿವಿಯವರೆಗೆ ಇಳಿಯಿತು, ಅದನ್ನು ಒರೆಸಿಕೊಳ್ಳಲಿಲ್ಲ. ಬದುಕಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ನನಗೆ ಆ ದಿನದವರೆಗೆ ತಿಳಿದಿರಲಿಲ್ಲ. “ಅಣ್ಣಾ,” ಎಂದಳು ಕೊನೆಗೆ, “ಅವಳನ್ನು ಒಳಗೆ ಕರ್ಕೊಂಡು ಹೋಗುವ ಮೊದ್ಲು ಆ ತಾಯಿಯ ಹತ್ರ ಎರಡು ಒಳ್ಳೆ ಮಾತು ಹೇಳಿ ಬಾ. ನನ್ನ ವಿಷ್ಯ ಎಂತದ್ದೂ ಹೇಳಬೇಡ.”

ನಾನು ಹೋದೆ. ಆ ತಾಯಿ ನನ್ನನ್ನು ಯಾವುದೋ ದೇವಸ್ಥಾನದ ಭಟ್ಟರೆಂದು ತಿಳಿದಳೋ ಏನೋ, ಎದ್ದು ಕಾಲಿಗೆರಗಿದಳು. ಆಶೀರ್ವಾದದ ಮಂತ್ರ ನನಗೆ ನೂರಾರು ಬರುತ್ತವೆ. ಆಗ ಒಂದೂ ಬಾಯಿಗೆ ಬರಲಿಲ್ಲ. “ನಿಮ್ಮ ಮಗಳು ಎದ್ದು ಮಗುವನ್ನು ಎತ್ತಿಕೊಳ್ಳಲಿ,” ಎಂದು ಕನ್ನಡದಲ್ಲೇ ಹೇಳಿದೆ. ಹೇಳುವಾಗ ಆ ಕೊನೆಯ ಕುರ್ಚಿಯಲ್ಲಿದ್ದ ಹಿರಿಯರು ತಲೆಯೆತ್ತಿ ನಮ್ಮ ಕಡೆ ನೋಡಿದರು.

ಇದೆಲ್ಲ ನಡೆದದ್ದು ಕಳೆದ ವರ್ಷ. ಈ ವರ್ಷದ ಮಳೆ ಆಗಲೇ ಹಿಡಿದಿದೆ. ತಂಗಿ ಇದ್ದಾಳೆ, ಪುತ್ತೂರಿಗೆ ಹೋಗಿ ಬರುತ್ತಾಳೆ, ಪಾದದ ಊತ ಮೊಣಕಾಲಿನವರೆಗೆ ಏರಿದೆ. ಎರಡನೆಯ ಕರೆ ಇನ್ನೂ ಬಂದಿಲ್ಲ. ಕಡಬದಿಂದ ಬೆಂಗಳೂರಿಗೆ ಎಷ್ಟು ಹೊತ್ತೆಂದು ಈಗ ಯಾರಾದರೂ ಕೇಳಿದರೆ ಭಾವ ಉತ್ತರಿಸುವುದಿಲ್ಲ.

ನಾನು ಮತ್ತೆ ಸಂಕಲ್ಪ ಹೇಳತೊಡಗಿದ್ದೇನೆ. ಅವಳ ಹೆಸರನ್ನೂ ಹೇಳುತ್ತೇನೆ.

ಒದ್ದೆ ಮೆಟ್ಟಿಲ ಮೇಲೆ ಸತ್ತವರ ಭಾರವನ್ನು ಬಿಡದೆ ಬದುಕಿರುವವರಿಗೆ ಕೀಲಿ ಕೊಟ್ಟವರಿಗೆ ಶುಭವಾಗಲಿ; ಅವರ ಹೆಗಲು ನೋಯದಿರಲಿ. ಶಬ್ದ ಕೇಳುವವರೆಗೆ ಬೆಟ್ಟದ ಮೇಲೆ ಕಾದು ನಿಂತವನ ದಾರಿಗಳು ಕುಸಿಯದಿರಲಿ. ಮೋಡದಲ್ಲಿ ನೆಲ ಹುಡುಕಿ ಇಳಿಸಿದವರ ಕಣ್ಣುಗಳು ತಂಪಾಗಿರಲಿ. ಕೆಟ್ಟ ಸುದ್ದಿಯನ್ನು ತಾನೇ ನಡೆದು ಬಂದು ಹೇಳಿದ ಆ ಹೆಣ್ಣುಮಗಳಿಗೆ ಒಳ್ಳೆಯ ಸುದ್ದಿ ಹೇಳುವ ದಿನಗಳು ಹೆಚ್ಚು ಬರಲಿ. ಕೋಲಾರದ ಆ ಮಗುವಿಗೆ ತಾಯಿಯ ಮಡಿಲು ಬಹುಕಾಲ ಇರಲಿ. ಹೆಸರು, ಊರು, ಕುಲ ಯಾವುದನ್ನೂ ತಿಳಿಸದೆ ತನ್ನ ದೇಹವನ್ನು ಹಂಚಿ ಹೋದ ಜೀವಕ್ಕೆ ಸದ್ಗತಿಯಾಗಲಿ. ಆ ಚಪ್ಪಲಿಗಳನ್ನು ಹಿಡಿದುಕೊಂಡು ಮನೆಗೆ ಮರಳಿದವರಿಗೆ ನಿದ್ರೆ ಬರಲಿ.